ಉಚಿತ ಶುಗರ್ ಕ್ಯಾಂಪಿನ ಎರಡನೇ ಟೇಬಲ್

ಹಾಸನದಲ್ಲಿ ಎಲ್ಲಾದರೂ "ಉಚಿತ ಶುಗರ್ ತಪಾಸಣೆ" ಅಂತ ಬ್ಯಾನರ್ ಕಂಡರೆ ಒಳಗೆ ಹೋಗಿ ಬೆರಳು ಚುಚ್ಚಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ನಂಬರ್ ಬರೆದುಕೊಟ್ಟ ಮೇಲೆ "ಮೇಡಂ ಹತ್ರ ಒಂದ್ಸಲ ಮಾತಾಡ್ಕೊಂಡ್ ಹೋಗಿ ಸಾರ್" ಅಂತ ಪಕ್ಕದ ಟೇಬಲ್ ತೋರಿಸಿದರೆ, ಅಲ್ಲಿಂದಲೇ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ನಾನು ಆ ಟೇಬಲ್ಲಿಗೆ ಹೋದೆ. 14,800 ರೂಪಾಯಿ ಹೋಯಿತು. ದುಡ್ಡು ಹಾಳಾಗಲಿ, ಇನ್ನರ್ಧ ಗಂಟೆ ತಡವಾಗಿದ್ದರೆ ನಾನೇ ಹೋಗುತ್ತಿದ್ದೆ.

ನಾನು ಆಲೂರು ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೇರಿ ಸೆಕ್ರೆಟರಿ. ವಯಸ್ಸು 46. ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ರಾತ್ರಿ ನಾಲ್ಕು ನಾಲ್ಕು ಸಲ ಏಳೋದು, ಎಷ್ಟು ನೀರು ಕುಡಿದರೂ ಬಾಯಿ ಆರೋದು, ಬೆಲ್ಟಿಗೆ ಹೊಸ ತೂತು ಹಾಕಿಸೋದು ಶುರುವಾಯಿತು. ಗಾಡಿ ಮೇಲೆ ಓಡಾಟ ಜಾಸ್ತಿ ಆಗಿದೆ ಅಂದಳು ಹೆಂಡತಿ. ಹಿತ್ತಲಲ್ಲಿ ನಾನು ಹೋದ ಜಾಗಕ್ಕೆ ಇರುವೆ ಮುತ್ತಿದ್ದನ್ನ ನೋಡಿದ ಅಮ್ಮ ಮಾತ್ರ, "ಇದು ಸಕ್ಕರೆ ಕಾಯಿಲೆ ಕಣೋ, ನಿಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು" ಅಂದಳು.

ಲ್ಯಾಬಿನಲ್ಲಿ ಖಾಲಿ ಹೊಟ್ಟೆಯದು 186 ಬಂತು. ಎಚ್‌ಬಿಎ1ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆಯದು 9.4. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ ಅನ್ನೋದು ಈಗ ಗೊತ್ತು. ಆವತ್ತು ಆ ಚೀಟಿ ನನಗೆ ಬೇರೆ ಭಾಷೆಯದಿದ್ದ ಹಾಗಿತ್ತು. ಅದನ್ನ ಹಿಡಿದು ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆ. ನನ್ನ ಮುಂದೆ ಮೂವತ್ತು ಜನ, ಹಿಂದೆ ಅಷ್ಟೇ ಜನ. ಡಾಕ್ಟರು ಎರಡು ನಿಮಿಷ ನೋಡಿ, "ಶುಗರ್ ಇದೆ. ಸಿಹಿ ಬಿಡಿ, ವಾಕಿಂಗ್ ಮಾಡಿ, ಮಾತ್ರೆ ತಗೊಳ್ಳಿ, ತಿಂಗಳು ಬಿಟ್ಟು ಬನ್ನಿ" ಅಂದರು. ಅವರು ಬರೆದ ಮಾತ್ರೆ ಸರಿಯಾಗೇ ಇತ್ತು, ಅದನ್ನೇ ಇವತ್ತಿಗೂ ನುಂಗುತ್ತಿದ್ದೇನೆ. ಆದರೆ ಬಾಗಿಲಿಂದ ಹೊರಗೆ ಬಂದಾಗ ತಲೆಯಲ್ಲಿ ಇಪ್ಪತ್ತು ಪ್ರಶ್ನೆ. ಮುದ್ದೆ ತಿನ್ನಬಹುದಾ? ಐದೂವರೆಗೆ ಡೇರಿ ಬಾಗಿಲು ತೆಗೆಯೋನು ಮಾತ್ರೆ ಯಾವಾಗ ನುಂಗಬೇಕು? ಮಗಳಿಗೂ ಬರುತ್ತಾ? ಸಾಯೋ ತನಕ ಮಾತ್ರೆನಾ? ಕೇಳೋಣ ಅಂದರೆ ಕಾಂಪೌಂಡರ್ ಆಗಲೇ ಮುಂದಿನವರ ಹೆಸರು ಕೂಗುತ್ತಿದ್ದ.

ನಾನು ಆ ಮೆಟ್‌ಫಾರ್ಮಿನ್ ಮಾತ್ರೆಯನ್ನ ಬೆಳಗ್ಗೆ ಐದಕ್ಕೆ ಬರೀ ನೀರಲ್ಲಿ ನುಂಗಿ ಡೇರಿಗೆ ಹೋಗುತ್ತಿದ್ದೆ. ಊಟದ ಜೊತೆ ತಗೊಳ್ಳಿ, ಮೊದಲ ಕೆಲವು ದಿನ ಹೊಟ್ಟೆ ಕೆಡಬಹುದು, ಆಮೇಲೆ ಸರಿಹೋಗುತ್ತೆ ಅಂತ ಯಾರಾದರೂ ಒಂದು ಮಾತು ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕ್ಯಾನ್ ಹಿಡಿದು ಸಾಲು ನಿಂತವರನ್ನ ಬಿಟ್ಟು ಮೂರು ಸಲ ಹಿಂದಕ್ಕೆ ಓಡಿದ್ದೇನೆ. ಹಾಲು ಹಾಕೋಕೆ ಬಂದವರ ಸಲಹೆ ಬೇರೆ. ಒಬ್ಬ ಹಾಗಲಕಾಯಿ ರಸ ಅಂದ, ಒಬ್ಬಳು ಅಮೃತಬಳ್ಳಿ ಅಂದಳು. "ಇಂಗ್ಲಿಷ್ ಮಾತ್ರೆ ಒಂದ್ಸಲ ಹಿಡುದ್ರೆ ಕಿಡ್ನಿ ಹೋಗ್ತದೆ ಕಣಣ್ಣ" ಅಂತ ಎಲ್ಲರೂ ಅಂದರು. ಕಿಡ್ನಿ ತಿನ್ನೋದು ಹತೋಟಿಗೆ ಬರದ ಸಕ್ಕರೆ, ಮಾತ್ರೆಯಲ್ಲ ಅನ್ನೋದು ನಮ್ಮ ಡೇರಿ ಕಟ್ಟೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಸನಾಂಬೆ ಬಾಗಿಲು ತೆರೆದಿದ್ದ ದಿನಗಳು. ದರ್ಶನ ಮುಗಿಸಿ ಬರುವಾಗ ಒಂದು ಕಲ್ಯಾಣ ಮಂಟಪದ ಮುಂದೆ ಉಚಿತ ಶುಗರ್ ತಪಾಸಣೆ, ಔಷಧಿಯಿಂದ ಸಕ್ಕರೆ ಕಾಯಿಲೆ ವಾಸಿ ಅಂತ ಬ್ಯಾನರ್ ಕಂಡಿತು. ಒಳಗೆ ಒಬ್ಬ ಹುಡುಗ ಬೆರಳು ಚುಚ್ಚಿ, ನಂಬರ್ ನೋಡಿ, ಅಯ್ಯೋ ಅನ್ನೋ ಮುಖ ಮಾಡಿದ. ಎರಡನೇ ಟೇಬಲ್ಲಿನಲ್ಲಿ ಬಿಳಿ ಕೋಟಿನ ಮೇಡಂ. ತಾವು ಡಾಕ್ಟರ್ ಅಂತ ಅವರು ಒಮ್ಮೆಯೂ ಹೇಳಲಿಲ್ಲ. ಕೋಟು ನೋಡಿ ನಾನೇ ಅಂದುಕೊಂಡೆ. "ಕೂತ್ಕೊಳ್ಳಿ ಸಾರ್, ನಿಧಾನಕ್ಕೆ ಹೇಳಿ" ಅಂದರು. ಬೆಳಗ್ಗೆ ಏನು ತಿಂತೀರಿ, ಎಷ್ಟೊತ್ತಿಗೆ ಮಲಗ್ತೀರಿ, ಮಗಳು ಏನು ಓದ್ತಿದ್ದಾಳೆ ಎಲ್ಲ ಕೇಳಿ ಬರೆದುಕೊಂಡರು. ನಲವತ್ತು ನಿಮಿಷ. ಆ ಎರಡು ತಿಂಗಳಲ್ಲಿ ನನ್ನ ಮಾತನ್ನ ಅಷ್ಟು ಹೊತ್ತು ಕೇಳಿದವರು ಅವರೊಬ್ಬರೇ. ನಾನು ಬಿದ್ದದ್ದು ಅಲ್ಲೇ.

90 ದಿನದ ಪ್ಯಾಕೇಜು. ಮೂರು ಡಬ್ಬ ಪುಡಿ, ಒಂದು ಗ್ಲುಕೋಮೀಟರ್, ಊಟದ ಪಟ್ಟಿ, ವಾಟ್ಸಾಪ್ ಗ್ರೂಪು, ದಿನಾ ಫೋನ್ ಮಾಡೋಕೆ ಒಬ್ಬ "ಕೋಚ್". ಮಾತ್ರೆ ಇವತ್ತಿಂದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಪುಡಿ ಕೆಲಸ ಮಾಡಲ್ಲ. ಅರ್ಧ ದುಡ್ಡು ಅಲ್ಲೇ ಫೋನ್ ಪೇ ಮಾಡಿದೆ, ಇನ್ನರ್ಧ ಡೇರಿಯ ಹಾಲಿನ ದುಡ್ಡು ಬಟವಾಡೆ ಆದ ಮೇಲೆ. ಹೆಂಡತಿಗೆ ಐದು ಸಾವಿರ ಅಂತ ಸುಳ್ಳು ಹೇಳಿದೆ.

ಗ್ರೂಪಿನಲ್ಲಿ ದಿನಾ ಬೆಳಗ್ಗೆ ಮೀಟರಿನ ಫೋಟೋ ಹಾಕಬೇಕಿತ್ತು. ನೂರರ ಒಳಗೆ ಬಂದವರಿಗೆ ಚಪ್ಪಾಳೆ, ಹೂವು, "ಸೂಪರ್ ಅಣ್ಣ". ಮೇಲೆ ಬಂದವರಿಗೆ "ನಿನ್ನೆ ಏನ್ ತಿಂದ್ರಿ ನಿಜ ಹೇಳಿ". ನನ್ನದು ಮೊದಲ ವಾರ 142ಕ್ಕೆ ಇಳಿಯಿತು, ಹನ್ನೊಂದನೇ ದಿನ 98. ಡೇರಿ ಕಟ್ಟೆಯಲ್ಲಿ ಫೋನ್ ಎತ್ತಿ ಎಲ್ಲರಿಗೂ ತೋರಿಸಿದೆ. ನಾಚಿಕೆಯ ವಿಷಯ ಏನಂದರೆ, ಇಬ್ಬರಿಗೆ ಮೇಡಂ ನಂಬರನ್ನೂ ಕೊಟ್ಟೆ. ಗ್ರೂಪಿನಲ್ಲಿ ಒಬ್ಬರು ಎಚ್‌ಬಿಎ1ಸಿ ಮಾಡಿಸಲಾ ಅಂತ ಕೇಳಿದರೆ ಕೋಚ್ "ಅದು ದುಡ್ಡು ದಂಡ, ಮೀಟರ್ ಸಾಕು" ಅಂದ. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಮೀಟರ್ ತೋರಿಸೋದು ಆ ಗಳಿಗೆಯದನ್ನ ಮಾತ್ರ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಒಟ್ಟು ಸರಾಸರಿ, ಅದಕ್ಕೆ ಬಣ್ಣ ಬಳಿಯೋಕೆ ಆಗಲ್ಲ.

ಎರಡನೇ ಡಬ್ಬ ಬಂತು. "ಇದು ಎರಡನೇ ಹಂತ, ಸ್ವಲ್ಪ ಪವರ್ ಜಾಸ್ತಿ" ಅಂದರು. ರಾತ್ರಿ ಮುದ್ದೆ ಬಂದ್, ಸೊಪ್ಪು ಮಜ್ಜಿಗೆ ಅಷ್ಟೇ.

ಧನುರ್ಮಾಸದ ಬೆಳಗು. ನಮ್ಮ ಕಡೆಯ ಚಳಿ ಗೊತ್ತಲ್ಲ, ಕ್ಯಾನ್ ಮುಟ್ಟಿದರೆ ಬೆರಳು ಮರಗಟ್ಟುತ್ತೆ. ನನಗೆ ಸ್ವೆಟರ್ ಒಳಗೆ ಬನಿಯನ್ ತೊಪ್ಪೆ. ಹಾಲು ಎಷ್ಟು ಗಟ್ಟಿ ಅಂತ ಡಿಗ್ರಿ ತೋರಿಸೋ ಲ್ಯಾಕ್ಟೋಮೀಟರ್ ತೇಲುತ್ತಿದೆ, ಕಡ್ಡಿ ಮೇಲಿನ ಗೆರೆ ಎರಡೆರಡು ಕಾಣುತ್ತಿದೆ. 28 ಅಂತ ಬರೆಯಬೇಕಾದ ಕಡೆ ಏನೋ ಗೀಚಿದೆ. ಹಾಲು ಹಾಕಿದ ಹುಡುಗ "ಅಣ್ಣ, ನಮ್ಮ ನಂಬರ್ ಅದಲ್ಲ" ಅಂದಾಗ ಅವನ ಮೇಲೆ ರೇಗಿದೆನಂತೆ, ನನಗೆ ನೆನಪಿಲ್ಲ. "ಬೆಳಬೆಳಗ್ಗೇನೇ ಹಾಕ್ಕೊಂಡ್ ಬಂದವ್ನೆ" ಅಂತ ಹಿಂದಿನಿಂದ ಯಾರೋ ಅಂದರು. ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು, ಅವರ ಯಜಮಾನರು ಹತ್ತು ವರ್ಷ ಇನ್ಸುಲಿನ್ ಚುಚ್ಚಿಕೊಂಡವರು. ಅವರು ನನ್ನ ಹಣೆ ಮುಟ್ಟಿ ನೋಡಿ, "ಕುಡುದಿಲ್ಲ ಕಣ್ರೋ, ಸಕ್ಕರೆ ಇಳಿದದೆ. ಸಕ್ಕರೆ ನೀರು ತನ್ರೋ ಬೇಗ" ಅಂತ ಕೂಗಿದರು. ಡೇರಿಯಲ್ಲಿ ಟೀಗೆ ಇಟ್ಟಿದ್ದ ಸಕ್ಕರೆಯನ್ನೇ ಲೋಟಕ್ಕೆ ಸುರಿದು ಕಲಕಿ ಕುಡಿಸಿದರು. ನುಂಗುವಷ್ಟು ಎಚ್ಚರ ಇತ್ತು, ಬಚಾವಾದೆ. ಪೂರ್ತಿ ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತೆ, ಸೀದಾ ಆಸ್ಪತ್ರೆಗೆ ಒಯ್ಯಬೇಕು.

ಹಾಸನದ ದೊಡ್ಡಾಸ್ಪತ್ರೆ ತಲುಪಿದಾಗ, ಅಷ್ಟು ಸಕ್ಕರೆ ಕುಡಿದ ಮೇಲೂ 61. ಎಪ್ಪತ್ತರ ಕೆಳಗೆ ಹೋದರೆ ಅಪಾಯದ ಗೆರೆ ದಾಟಿದ ಹಾಗೆ. ಡ್ರಿಪ್ ಹಾಕಿದರು, 140 ಆಯಿತು, ಇನ್ನೇನು ಮನೆಗೆ ಹೋಗೋಣ ಅಂದುಕೊಂಡೆ. ಮಧ್ಯಾಹ್ನ ಮತ್ತೆ 54ಕ್ಕೆ ಬಂತು. ಡ್ಯೂಟಿ ಡಾಕ್ಟರ್ ಹುಡುಗಿ, ನನ್ನ ತಂಗಿ ವಯಸ್ಸಿನವಳು, ಬಂದು ಕೇಳಿದಳು: "ಯಾವ ಮಾತ್ರೆ ತಗೊಳ್ತಿದ್ದೀರಿ?"

"ಮಾತ್ರೆ ಬಿಟ್ಟು ತಿಂಗಳಾಯ್ತು ಮೇಡಂ. ಬರೀ ಆಯುರ್ವೇದದ ಪುಡಿ."

"ಮಾತ್ರೆ ತಗೊಳ್ದೇ ಇರೋರಿಗೆ ಹೀಗೆ ಎರಡೆರಡು ಸಲ ಇಳಿಯಲ್ಲ. ಆ ಪುಡಿ ಎಲ್ಲಿದೆ?"

ನನ್ನ ಹೆಂಡತಿ ಬುದ್ಧಿವಂತೆ. ಕೇಳದೇನೇ ಡಬ್ಬವನ್ನ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು. ಡಾಕ್ಟರ್ ಅದನ್ನ ತಿರುಗಿಸಿ ತಿರುಗಿಸಿ ನೋಡಿದಳು. ಮುಂದೆ ದೊಡ್ಡದಾಗಿ ಎಲೆ ಚಿತ್ರ, "ನೂರಕ್ಕೆ ನೂರು ಗಿಡಮೂಲಿಕೆ". ಹಿಂದೆ ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ಎಂದು ಮಾಡಿದ್ದು ಅಂತಲೂ ಇಲ್ಲ. ಕಾನೂನು ಪ್ರಕಾರ ಮಾಡಿದ ಆಯುರ್ವೇದ ಔಷಧದ ಮೇಲೆ ಇವೆಲ್ಲ ಇರಲೇಬೇಕಂತೆ. ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂಥ ಸಕ್ಕರೆ ಇಳಿಸೋ ಇಂಗ್ಲಿಷ್ ಮಾತ್ರೆಯನ್ನೇ ಅರೆದು ಬೆರೆಸಿದ್ದು ಬೇರೆ ಬೇರೆ ಕಡೆ ಲ್ಯಾಬಿನಲ್ಲಿ ಸಿಕ್ಕಿದೆ, ಆ ಜಾತಿಯ ಮಾತ್ರೆ ಹೆಚ್ಚಾದರೆ ಸಕ್ಕರೆ ಏರಿಸಿದಷ್ಟೂ ಮತ್ತೆ ಮತ್ತೆ ಇಳಿಸುತ್ತೆ, ಅದಕ್ಕೇ ನಿಮ್ಮನ್ನ ನಾಳೆ ತನಕ ಬಿಡಲ್ಲ ಅಂದಳು.

ಆ ರಾತ್ರಿ ವಾರ್ಡಿನಲ್ಲಿ ನಿದ್ದೆ ಬರಲಿಲ್ಲ. ಹಾಲಿಗೆ ನೀರು ಬೆರೆಸಿ, ಡಿಗ್ರಿ ಇಳಿದದ್ದು ಗೊತ್ತಾಗಬಾರದು ಅಂತ ಸಕ್ಕರೆ ಕಲಸಿ ತರೋರನ್ನ ನಾನು ಹತ್ತೊಂಬತ್ತು ವರ್ಷದಿಂದ ಹಿಡಿಯುತ್ತಿದ್ದೇನೆ. ನಾಲಿಗೆಗೆ ಒಂದು ಹನಿ ಹಾಕಿಕೊಂಡರೆ ಸಾಕು, ಗೊತ್ತಾಗುತ್ತೆ. ಅಂಥವನು ಒಂದು ಡಬ್ಬದ ಹಿಂಭಾಗ ತಿರುಗಿಸಿ ನೋಡಿರಲಿಲ್ಲ.

ಮನೆಗೆ ಬಂದು ಗ್ರೂಪಿನಲ್ಲಿ ನಡೆದದ್ದನ್ನ ಬರೆದೆ. ಐದು ನಿಮಿಷದಲ್ಲಿ ಡಿಲೀಟ್, ಹತ್ತು ನಿಮಿಷದಲ್ಲಿ ನಾನು ಗ್ರೂಪಿನಿಂದ ಹೊರಗೆ. ಮೇಡಂ ಫೋನ್ ಎತ್ತಲಿಲ್ಲ. ಕೋಚ್ ಎತ್ತಿದ, "ನೀವು ಊಟದ ಪಟ್ಟಿ ಸರಿಯಾಗಿ ಪಾಲಿಸಿಲ್ಲ ಸಾರ್" ಅಂದ. ದುಡ್ಡು ವಾಪಸ್ ಬಂದಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಿದ್ದೇನೆ, ಜಿಲ್ಲಾ ಆಯುಷ್ ಕಚೇರಿಗೆ ಅರ್ಜಿಯನ್ನೂ ಕೊಟ್ಟಿದ್ದೇನೆ. ಫೋನ್ ಪೇ ರಸೀದಿ, ಬ್ಯಾನರ್ ಫೋಟೋ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಔಷಧಿಯಿಂದ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡೋದೇ 1954ರ ಕಾಯ್ದೆಯಲ್ಲಿ ನಿಷೇಧ. ಅಂದರೆ ಆ ಬ್ಯಾನರ್ ಕಟ್ಟಿದಾಗಲೇ ತಪ್ಪಾಗಿತ್ತು. ಎಪ್ಪತ್ತು ವರ್ಷದ ಹಳೆಯ ಕಾನೂನು, ನಡುರಸ್ತೆಯಲ್ಲಿ ಬ್ಯಾನರ್!

ಇವರು ಮಾರೋದು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ತೂಕ ಚೆನ್ನಾಗಿ ಇಳಿಸಿದ ಕೆಲವರಿಗೆ, ಅದರಲ್ಲೂ ಕಾಯಿಲೆ ಹೊಸದಾಗಿದ್ದರೆ, ಮಾತ್ರೆ ಇಲ್ಲದೆಯೂ ಸಕ್ಕರೆ ಹತೋಟಿಯಲ್ಲಿ ಉಳಿಯುತ್ತೆ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ರ ಒಳಗಿದ್ದರೆ ಡಾಕ್ಟರುಗಳೇ ಅದನ್ನ ರೆಮಿಷನ್ ಅನ್ನುತ್ತಾರೆ. ಆದರೆ ಅದು ಡಾಕ್ಟರ್ ಕಣ್ಣ ಮುಂದೆ, ಊಟ ಮತ್ತು ತೂಕದಿಂದ ಆಗೋದು, ಹನ್ನೊಂದು ದಿನದಲ್ಲಿ ಡಬ್ಬದಿಂದಲ್ಲ. ಇನ್ಸುಲಿನ್ ಮೇಲೇ ಬದುಕಿರೋ ಮಕ್ಕಳಿಗೆ, ಟೈಪ್ 1 ಅಂತಾರಲ್ಲ ಅವರಿಗೆ, ಯಾರಾದರೂ "ನಿಲ್ಲಿಸಿ" ಅಂದರೆ ಅದು ಪ್ರಾಣದ ಜೊತೆ ಆಟ. ಕೆಲವೇ ದಿನದಲ್ಲಿ ಜೀವಕ್ಕೇ ಕುತ್ತು ಬರುತ್ತೆ.

ನನ್ನ ಇಪ್ಪತ್ತು ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ. ಬಿಪಿ, ಶುಗರ್‌ಗೆ ಅಂತಲೇ ಇರೋ ಸರ್ಕಾರಿ ವಿಭಾಗ ಅದು, ತಾಲೂಕು ಆಸ್ಪತ್ರೆಗಳಲ್ಲೂ ಇದೆ, ಪರೀಕ್ಷೆ, ಮಾತ್ರೆ ಎರಡಕ್ಕೂ ದುಡ್ಡಿಲ್ಲ. ಮೂವತ್ತು ದಾಟಿದ ಎಲ್ಲರಿಗೂ ಹಳ್ಳಿಯ ಉಪಕೇಂದ್ರದಲ್ಲೇ ಶುಗರ್ ನೋಡುತ್ತಾರೆ. ನಮ್ಮೂರ ಆಶಾ ಅಕ್ಕ ಎರಡು ಸಲ ಕರೆದಿದ್ದಳು, ನಾನೇ ಹೋಗಿರಲಿಲ್ಲ. ಸಾಲು ಉದ್ದ ಇರುತ್ತೆ, ಸುಳ್ಳು ಹೇಳಲ್ಲ. ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದು, "ಮುದ್ದೆ ಎಷ್ಟು ದಪ್ಪ?" ನಾನು ಎರಡೂ ಕೈ ಜೋಡಿಸಿ ತೋರಿಸಿದೆ. ನಕ್ಕುಬಿಟ್ಟರು. ರಾಗಿಯಲ್ಲಿ ನಾರು ಅಕ್ಕಿಗಿಂತ ಜಾಸ್ತಿ ನಿಜ, ಆದರೂ ನೂರು ಗ್ರಾಂ ಹಿಟ್ಟಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ, ಅರ್ಧ ಮುದ್ದೆ ತಿನ್ನಿ, ಬಸ್ಸಾರಿನ ಸೊಪ್ಪು ಕಾಳು ಜಾಸ್ತಿ ಹಾಕಿಸಿಕೊಳ್ಳಿ ಅಂದರು. ಬೆಲ್ಲದ ಕಾಫಿ ಸಕ್ಕರೆ ಕಾಫಿಯಷ್ಟೇ, ಸಮಾಧಾನಕ್ಕೆ ಕುಡಿಯಬೇಡಿ ಅಂದರು. ಕಾಲಿನ ಅಡಿ ಮುಟ್ಟಿ ನೋಡಿದರು, ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿದರು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಪರೀಕ್ಷೆ ಬರೆದರು. ಇವಿಷ್ಟೂ ಕಾಯಿಲೆ ಗೊತ್ತಾದ ಮೊದಲ ದಿನಗಳಲ್ಲೇ ಆಗಬೇಕಿತ್ತಂತೆ, ಆಮೇಲೆ ವರ್ಷಕ್ಕೊಮ್ಮೆ. ಪ್ಯಾಕೇಜಿನ ಮೇಡಂ ನನ್ನ ಮಗಳ ಹೆಸರು ಕೇಳಿದ್ದರು, ಕಾಲು ನೋಡಿರಲಿಲ್ಲ.

ಈಗ ಮೆಟ್‌ಫಾರ್ಮಿನ್ ತಿಂಡಿಯ ಜೊತೆ ಒಂದು, ರಾತ್ರಿ ಊಟದ ಜೊತೆ ಒಂದು. ಹೊಟ್ಟೆ ಸರಿಯಾಗಿದೆ. ಹೋದ ತಿಂಗಳು ಎಚ್‌ಬಿಎ1ಸಿ 7.1.

ನಾನು ಮೇಡಂ ನಂಬರ್ ಕೊಟ್ಟಿದ್ದೆ ಅಂದೆನಲ್ಲ, ಆ ಇಬ್ಬರ ಮನೆಗೂ ಹೋಗಿ ಬಂದೆ. ಒಬ್ಬ ಇನ್ನೂ ದುಡ್ಡು ಕಟ್ಟಿರಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಡಬ್ಬ ಅರ್ಧ ಖಾಲಿಯಾಗಿತ್ತು. ಅವರು ಸಿಟ್ಟಿನಲ್ಲಿ ತಿಪ್ಪೆಗೆ ಎಸೆಯೋಕೆ ಹೊರಟಿದ್ದರು, ನಾನು ತಡೆದೆ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ತಿನ್ನೋದು ನಿಲ್ಲಿಸಿ, ಆದರೆ ಬಿಸಾಡಬೇಡಿ. ಅವತ್ತೇ ಡಬ್ಬವನ್ನ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ದಿನಕ್ಕೆ ಎಷ್ಟು ಚಮಚ ತಿಂದಿರಿ ಅಂತ ಡಾಕ್ಟರಿಗೆ ಹೇಳಿ.