ಮಲ್ಪೆಯಿಂದ ಆಗುಂಬೆಗೆ ಒಂದೇ ಗೆರೆ, ಮೂರು ಎಂಟಿ ಕೋಡ್

ಭೂಮಿಯ ಕಾಂತಕ್ಷೇತ್ರ ಏರಿಳಿದಾಗಲೆಲ್ಲ ನೆಲದೊಳಗೆ ವಿದ್ಯುತ್ ಹರಿಯುತ್ತದೆ. ಮೇಲೆ ನಿಂತು ಅದನ್ನು ಅಳೆದು, ಒಳಗಿನ ಬಂಡೆ ಎಂಥದ್ದು ಅಂತ ತಿಳಿಯುವುದೇ ಮ್ಯಾಗ್ನೆಟೋಟೆಲ್ಯೂರಿಕ್ಸ್, ಅಂದರೆ ಎಂಟಿ. ಕರಾವಳಿಯಲ್ಲಿ ಈ ಲೆಕ್ಕ ಕೆಡಿಸುವುದು ಕಡಲು. ಉಪ್ಪುನೀರಿನ ರೋಧಶೀಲತೆ (ಕರೆಂಟ್ ಹರಿವನ್ನು ತಡೆಯುವ ಗುಣ) ಸುಮಾರು 0.3 ಓಮ್-ಮೀಟರ್. ನಮ್ಮ ಮುರಕಲ್ಲಿನ ಅಡಿಯಲ್ಲಿರುವ ಗಟ್ಟಿ ನೈಸ್ ಬಂಡೆಗೆ ನಾನು ಕೊಟ್ಟದ್ದು 1000. ಮಲ್ಪೆಯಿಂದ ಹೆಬ್ರಿ ಮೇಲಾಗಿ ಆಗುಂಬೆಯವರೆಗೆ ಗೆರೆ ಎಳೆದು, ಒಂದೇ ಮಾದರಿಯನ್ನು ಲೆಕ್ಕ ಹಾಕುವ ಮೂರು ಕಂಪ್ಯೂಟರ್ ಪ್ರೋಗ್ರಾಂಗಳಲ್ಲಿ, ಅಂದರೆ ಕೋಡ್‌ಗಳಲ್ಲಿ ಓಡಿಸಿದೆ.

ಎಲ್ಲಕ್ಕೂ ಮೊದಲು ಒಂದು ಪರೀಕ್ಷೆ. ಎಲ್ಲೆಡೆ 100 ಓಮ್-ಮೀಟರ್ ಇರುವ ನೆಲ ಕೊಟ್ಟರೆ ಉತ್ತರವೂ 100 ಬರಬೇಕು, ಫೇಸ್ (ವಿದ್ಯುತ್ ಅಲೆಗೂ ಕಾಂತ ಅಲೆಗೂ ನಡುವಿನ ಹಂತದ ಅಂತರ) 45 ಡಿಗ್ರಿ ಇರಬೇಕು. ಮೂರೂ ಪಾಸಾದವು. ಕಷ್ಟ ಶುರುವಾಗುವುದು ದಡದಲ್ಲಿ.

ಮಾಡ್‌ಇಎಂ ಫೈನೈಟ್ ಡಿಫರೆನ್ಸ್ ಕೋಡ್. ನೆಲವನ್ನು ಚೌಕ ಡಬ್ಬಗಳಾಗಿ ಕತ್ತರಿಸುತ್ತದೆ. ಮಲ್ಪೆ ದಡದ ನೀರು ಆಳವಿಲ್ಲ, ಹಾಗಾಗಿ ಅಲ್ಲಿ ಡಬ್ಬದ ದಪ್ಪ ಕೆಲವೇ ಮೀಟರ್ ಇರಬೇಕು. ಆದರೆ ಆ ತೆಳು ಪದರ ದಡದಲ್ಲಿ ನಿಲ್ಲುವುದಿಲ್ಲ, ಗ್ರಿಡ್‌ನ ಆ ತುದಿಯಿಂದ ಈ ತುದಿಯವರೆಗೂ ಹೋಗುತ್ತದೆ. 100 ಸೆಕೆಂಡ್ ಅವಧಿಯ ಅಲೆ ಈ ಬಂಡೆಯಲ್ಲಿ ಸುಮಾರು 159 ಕಿಲೋಮೀಟರ್ ಇಳಿಯುವುದರಿಂದ ಅಂಚನ್ನೂ ನೂರಾರು ಕಿಲೋಮೀಟರ್ ದೂರ ತಳ್ಳಬೇಕು. ಡಬ್ಬಗಳ ಸಂಖ್ಯೆ ಸುಮ್ನೆ ಬೆಳೆಯುತ್ತದೆ. ಆಗುಂಬೆ ಘಾಟಿಯೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆದರೂ ಅಳತೆಯಿಂದ ಹಿಂದಕ್ಕೆ ಹೋಗಿ ಒಳಗಿನ ಬಂಡೆಯ ಮಾದರಿ ಕಟ್ಟುವ ಇನ್ವರ್ಷನ್‌ಗೆ ಇದು ಗಟ್ಟಿ ಆಳು. ಪ್ರತಿ ಸುತ್ತಿನ ಮಾದರಿಯನ್ನೂ ಫೈಲಿಗೆ ಬರೆದಿಡುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಇಲ್ಲಿನವರಿಗೆ ಇದು ಸಣ್ಣ ವಿಷಯ ಅಲ್ಲ.

ಮೇರ್2ಡಿಇಎಂ ನನಗೆ ತುಂಬಾ ಹಿಡಿಸಿತು. ಇದು ಫೈನೈಟ್ ಎಲಿಮೆಂಟ್, ನೆಲವನ್ನು ಕತ್ತರಿಸುವುದು ತ್ರಿಕೋನಗಳ ಮೆಶ್ (ಬಲೆ) ಆಗಿ. ಕಡಲ ತಳದ ಇಳಿಜಾರು, ಘಾಟಿಯ ಏರು ಎರಡೂ ಇದ್ದ ಹಾಗೇ ಕೂರುತ್ತವೆ. ಲೆಕ್ಕದ ಉತ್ತರದಲ್ಲಿ ತಪ್ಪು ಜಾಸ್ತಿ ಇರುವ ಕಡೆ ಮೆಶ್ಶನ್ನು ತಾನೇ ಸಣ್ಣದು ಮಾಡಿಕೊಳ್ಳುತ್ತದೆ. ದಡಕ್ಕೆ ಅಡ್ಡವಾಗಿ ಕರೆಂಟ್ ಹರಿಯುವ ಟಿಎಂ ಮೋಡ್‌ನಲ್ಲಿ ಇದರ ಬೆಲೆ ಗೊತ್ತಾಯಿತು. ನೀರು-ಬಂಡೆ ಸೇರುವಲ್ಲಿ ವಿದ್ಯುದಾವೇಶ ಕೂಡುತ್ತದೆ, ನೆಲದ ಬದಿ ಅಳತೆಯಲ್ಲಿ ಕಾಣುವ ರೋಧಶೀಲತೆ ಥಟ್ಟನೆ ಮೇಲೇರುತ್ತದೆ. ದೊಡ್ಡ ಡಬ್ಬಗಳಲ್ಲಿ ಈ ಏರಿಕೆ ಮಸುಕಾಗಿತ್ತು, ತ್ರಿಕೋನಗಳಲ್ಲಿ ದಡದಲ್ಲೇ ಚೂಪಾಗಿ ನಿಂತಿತು. ಇನ್‌ಸ್ಟಾಲ್ ಮಾಡುವಾಗ ಮಾತ್ರ ಕಂಪೈಲರ್, ಎಂಪಿಐ (ಹಲವು ಪ್ರೊಸೆಸರ್‌ಗಳನ್ನು ಒಟ್ಟಿಗೆ ದುಡಿಸುವ ವ್ಯವಸ್ಥೆ) ಅಂತ ತಾಳ್ಮೆ ಬೇಕು.

ಸಿಮ್‌ಪೆಗ್ ಪೈಥಾನ್‌ನದು, ಹಾಕಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಒಳಗೇನು ನಡೆಯುತ್ತದೆ ಅಂತ ಸಾಲು ಸಾಲಾಗಿ ಓದಬಹುದು. ಎಂಎಸ್ಸಿ ಮಕ್ಕಳಿಗೆ ಇದನ್ನೇ ಕೊಡುತ್ತೇನೆ. ಆದರೆ 3ಡಿ ಮಾದರಿ ದೊಡ್ಡದಾದ ಹಾಗೆ ಮೆಮೊರಿ ನುಂಗುತ್ತದೆ, ಮಾಮೂಲಿ ಲ್ಯಾಪ್‌ಟಾಪ್ ತಡೆಯುವುದಿಲ್ಲ.

2ಡಿ, ಅಂದರೆ ದಡದ ಉದ್ದಕ್ಕೂ ನೆಲ ಬದಲಾಗುವುದಿಲ್ಲ ಅಂತ ಹಿಡಿಯುವ ಲೆಕ್ಕ, ಸಾಕಾ ಅಂತ ಕೇಳಬಹುದು. ಉಡುಪಿಯ ಕಡಲತೀರ ಹೆಚ್ಚುಕಡಿಮೆ ನೇರ ಉತ್ತರ-ದಕ್ಷಿಣ, ಅಲ್ವಾ? ಹಾಗಾಗಿ ಈ ಗೆರೆಗೆ ಮೇರ್2ಡಿಇಎಂ ಸಾಕು. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ಎರಡೂ ಕಡಲು ಸೇರುವ ಅಳಿವೆ ಬಾಗಿಲಿನಲ್ಲಿ ಹಾಗಲ್ಲ. ಉಪ್ಪುನೀರು ಹೊಳೆಯೊಳಗೂ ನುಗ್ಗುತ್ತದೆ, ದಡ ಯಾವ ದಿಕ್ಕಿಗೂ ನೇರವಿಲ್ಲ. ಅಲ್ಲಿಗೆ ಮಾಡ್‌ಇಎಂನ 3ಡಿ ಬೇಕೇ ಬೇಕು.