ಪುಟ್ಟ ಮಗುವಿನ ಜೊತೆ ಕ್ರೂಸ್‌ಗೆ ಹೊರಟಿದ್ದೀರಾ? ಔಷಧಿ ಕೈಯಲ್ಲಿರಲಿ, ಕೆಟಲ್ ಮನೆಯಲ್ಲಿರಲಿ

ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಕ್ರೂಸ್ ಹೋಗೋಣ ಅಂದುಕೊಂಡಿರುವವರು ದಯವಿಟ್ಟು ಇದನ್ನು ಓದಿ. ನಮಗೆ ಆದದ್ದು ನಿಮಗೆ ಆಗುವುದು ಬೇಡ.

ಕಳೆದ ಬೇಸಿಗೆಯಲ್ಲಿ ನಾವು ಸಿಂಗಪುರದಿಂದ ಹೊರಡುವ 4 ರಾತ್ರಿಯ ಕ್ರೂಸ್‌ಗೆ ಹೋಗಿದ್ದೆವು. ಮಲೇಷ್ಯಾದ ಪೆನಾಂಗ್, ಥಾಯ್ಲೆಂಡ್‌ನ ಫುಕೆಟ್ ನೋಡಿಕೊಂಡು ಮತ್ತೆ ಸಿಂಗಪುರಕ್ಕೆ ವಾಪಸ್. ಮಗಳಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಹಡಗು ಹತ್ತಿದ ಮೊದಲ ಸಂಜೆಯೇ ಅವಳಿಗೆ ಜ್ವರ ಬಂತು. ಜ್ವರದ ಸಿರಪ್, ಥರ್ಮಾಮೀಟರ್, ಡೈಪರ್ ಎಲ್ಲವೂ ನಮ್ಮ ಸೂಟ್‌ಕೇಸ್‌ನಲ್ಲಿದ್ದವು. ಸೂಟ್‌ಕೇಸ್ ಕೂಡ ಅದೇ ಹಡಗಿನಲ್ಲಿತ್ತು. ಆದರೆ ರಾತ್ರಿ ಒಂಬತ್ತೂವರೆಯವರೆಗೆ ಅದು ನಮ್ಮ ಕೈಗೆ ಸಿಗಲಿಲ್ಲ.

ಹೊರಡುವ ಮೊದಲು ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು. ಮಗು ಇದೆ, ಲಗೇಜ್ ಕಡಿಮೆ ಮಾಡಿ, ಕೈ ಖಾಲಿ ಇರಲಿ. ನಾವು ಅದನ್ನು ಚಾಚೂ ತಪ್ಪದೆ ಪಾಲಿಸಿದೆವು. ಮೂವರಿಗೂ ಸೇರಿ ಒಂದೇ ಸೂಟ್‌ಕೇಸ್, 19 ಕೆ.ಜಿ. ನನ್ನ ಹೆಗಲಲ್ಲಿ ಪಾಸ್‌ಪೋರ್ಟ್, ಫೋನ್, ಎರಡು ಡೈಪರ್ ಇದ್ದ ಸಣ್ಣ ಚೀಲ. ಯಜಮಾನರ ಹೆಗಲಲ್ಲಿ ಮಗಳು. ಅಷ್ಟೇ.

ಕ್ರೂಸ್‌ನಲ್ಲಿ ಲಗೇಜ್ ನಮ್ಮ ಜೊತೆ ಬರುವುದಿಲ್ಲ ಅನ್ನುವುದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಟರ್ಮಿನಲ್ ಬಾಗಿಲಲ್ಲೇ ಸೂಟ್‌ಕೇಸ್‌ಗೆ ರೂಮ್ ನಂಬರ್ ಇರುವ ಕಾಗದದ ಪಟ್ಟಿ ಕಟ್ಟಿ ತೆಗೆದುಕೊಳ್ಳುತ್ತಾರೆ. ಅದು ಬೇರೆ ದಾರಿಯಲ್ಲಿ ಸ್ಕ್ಯಾನ್ ಆಗಿ ರೂಮಿನ ಬಾಗಿಲಿಗೆ ಬರುತ್ತದೆ. ಸಾವಿರಾರು ಜನರ ಸಾಮಾನು. ಎಲ್ಲ ಸರಿಯಿದ್ದರೂ ಕೆಲವು ಗಂಟೆ ಹಿಡಿಯುತ್ತದೆ, ಒಮ್ಮೊಮ್ಮೆ ಸಂಜೆಯೇ ಆಗುತ್ತದೆ.

ನಮ್ಮದು ಸರಿಯಿರಲಿಲ್ಲ. ಅದರೊಳಗೆ ಎಲೆಕ್ಟ್ರಿಕ್ ಕೆಟಲ್ ಇತ್ತು.

ತುಮಕೂರಿನಲ್ಲಿರುವ ನಮ್ಮತ್ತೆ ಮೊಮ್ಮಗಳಿಗೆ ಅಂತ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಜರಡಿ ಹಿಡಿದು ರಾಗಿ ಸರಿ ಹಿಟ್ಟು ಮಾಡಿಕೊಟ್ಟಿದ್ದರು. ಹೊರಗಿನ ಊಟ ಮಗಳಿಗೆ ಒಗ್ಗದಿದ್ದರೆ ಇದಾದರೂ ಇರಲಿ ಅಂತ. ಅದನ್ನು ಕಲಸಲು ಬಿಸಿನೀರು ಬೇಕಲ್ವಾ? ಅದಕ್ಕೇ ಕೆಟಲ್. ಹೋಟೆಲ್‌ಗಳಿಗೆ ಹೋಗುವಾಗ ನಾವು ಹೀಗೆ ಒಯ್ಯುತ್ತಲೇ ಇದ್ದೆವು. ಆದರೆ ಕೆಟಲ್, ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ನೀರಿಗೆ ಇಳಿಬಿಡುವ ಹೀಟರ್, ಇಂಥ ಬಿಸಿಯಾಗುವ ವಸ್ತುಗಳನ್ನು ಕ್ರೂಸ್ ಹಡಗಿನವರು ಸಾಮಾನ್ಯವಾಗಿ ರೂಮಿಗೆ ಬಿಡುವುದಿಲ್ಲ. ನಡುಸಮುದ್ರದಲ್ಲಿ ಬೆಂಕಿ ಹೊತ್ತಿದರೆ ಓಡಿಹೋಗಲು ಜಾಗವಿಲ್ಲ. ನಿಯಮ ಸರಿಯೇ ಇದೆ. ಅದನ್ನು ಟಿಕೆಟ್ ಜೊತೆ ಬಂದ ಕಾಗದದಲ್ಲಿ ನಾನು ಓದಿಕೊಳ್ಳಬೇಕಿತ್ತು. ನಿಷೇಧಿತ ವಸ್ತು ಕಂಡರೆ ಅದೊಂದನ್ನೇ ತೆಗೆದಿಟ್ಟು ಪೆಟ್ಟಿಗೆ ಕಳಿಸುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ. ಇಡೀ ಪೆಟ್ಟಿಗೆಯನ್ನೇ ತಡೆದು ನಿಲ್ಲಿಸುತ್ತಾರೆ. ನೀವೇ ಹೋಗಿ ಅವರೆದುರು ಬೀಗ ತೆಗೆಯಬೇಕು.

ನಾಲ್ಕು ಗಂಟೆಗೆ ಚೀಲದಲ್ಲಿದ್ದ ಎರಡೂ ಡೈಪರ್ ಮುಗಿದವು. ಐದರ ಹೊತ್ತಿಗೆ ಮಗಳ ಮೈ ಮುಟ್ಟಿದರೆ ಕೆಂಡ. ಹಿಂದಿನ ರಾತ್ರಿ ಬೆಂಗಳೂರಿನಿಂದ ವಿಮಾನದಲ್ಲಿ ಬರುವಾಗ ಅವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆಯಾಸ ಇರಬಹುದು ಅಂದುಕೊಂಡೆ. ಆದರೆ ಕಣ್ಣು ಕೆಂಪಾಗಿ, ಅಳುವುದಕ್ಕೂ ಶಕ್ತಿ ಇಲ್ಲದೆ ಹೆಗಲಿಗೆ ಒರಗಿದಳು. ಅಕ್ಕಪಕ್ಕದ ಬಾಗಿಲುಗಳ ಮುಂದೆಲ್ಲ ಸೂಟ್‌ಕೇಸ್ ಬಂದಿದ್ದವು, ನಮ್ಮದು ಇಲ್ಲ. ಫೋನ್ ಮಾಡಿದರೆ ಕಾಯಿರಿ ಅನ್ನುವ ಧ್ವನಿ.

ಡೈಪರ್ ಕೊಳ್ಳೋಣ ಅಂತ ಹಡಗಿನ ಅಂಗಡಿಗೆ ಓಡಿದೆ. ಬಾಗಿಲು ಹಾಕಿತ್ತು. ಹಡಗು ಬಂದರಿನಲ್ಲಿ ನಿಂತಿರುವಾಗ ಒಳಗಿನ ಅಂಗಡಿಗಳನ್ನು ತೆರೆಯುವುದಿಲ್ಲವಂತೆ, ಸುಂಕದ ಲೆಕ್ಕಾಚಾರ. ಅಷ್ಟರಲ್ಲಿ ಸುರಕ್ಷತೆಯ ಡ್ರಿಲ್‌ಗೆ ಎಲ್ಲರೂ ಬನ್ನಿ ಅಂತ ಕರೆದರು. ಹಡಗು ಹೊರಡುವ ಮೊದಲು ಅದು ಕಡ್ಡಾಯ, ತಪ್ಪಿಸುವ ಹಾಗಿಲ್ಲ. ಜ್ವರದ ಮಗುವನ್ನು ಎತ್ತಿಕೊಂಡು, ನನ್ನ ದುಪಟ್ಟಾವನ್ನೇ ಅವಳಿಗೆ ಸುತ್ತಿಕೊಂಡು ನಿಂತೆ.

ಡ್ರಿಲ್‌ನಲ್ಲಿ ಪಕ್ಕ ನಿಂತಿದ್ದವರು ಹುಬ್ಬಳ್ಳಿ ಕಡೆಯವರು. ನಾನು ಯಜಮಾನರ ಹತ್ತಿರ ಮಾತಾಡಿದ್ದು ಅವರಿಗೆ ಕೇಳಿಸಿರಬೇಕು. ಡ್ರಿಲ್ ಮುಗಿದದ್ದೇ ತಮ್ಮ ಕೈಚೀಲದಿಂದ ನಾಲ್ಕು ಡೈಪರ್ ತೆಗೆದು ಕೊಟ್ಟರು. "ತಗೋರಿ ಅಕ್ಕಾರ, ನಮ್ಮ ಹುಡುಗಂದು ಭಾಳ ಅದಾವ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಸೀದಾ ಹಡಗಿನ ಕ್ಲಿನಿಕ್‌ಗೆ. ಡಾಕ್ಟರ್ ಚೆನ್ನಾಗಿ ನೋಡಿದರು. 39 ಡಿಗ್ರಿ ಅಂದರು, ಅಂದರೆ ನಮ್ಮ ಲೆಕ್ಕದಲ್ಲಿ 102. ಪ್ಯಾರಸಿಟಮಾಲ್ ಕೊಟ್ಟರು. ಮನೆಯಲ್ಲಿ ಯಾವ ಸಿರಪ್, ಎಷ್ಟು ಎಂಎಲ್ ಕೊಡುತ್ತೀರಿ ಅಂತ ಕೇಳಿದಾಗ ನನಗೆ ಎಂಎಲ್ ಮಾತ್ರ ಗೊತ್ತಿತ್ತು. ಸಿರಪ್‌ನ ಬಲ ಎಷ್ಟು ಅಂತ ಗೊತ್ತಿರಲಿಲ್ಲ. ನಮ್ಮಲ್ಲೇ 5 ಎಂಎಲ್‌ಗೆ 120 ಮಿ.ಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. 120ರ ಅಳತೆಯಲ್ಲಿ 250ರದ್ದನ್ನು ಕೊಟ್ಟರೆ ಎರಡರಷ್ಟು ಔಷಧಿ ಮಗುವಿನ ಹೊಟ್ಟೆಗೆ ಹೋಗುತ್ತದೆ. ದಯವಿಟ್ಟು ಮಗುವಿನ ತೂಕ, ಸಿರಪ್‌ನ ಬಲ, ಡಾಕ್ಟರ್ ಹೇಳಿದ ಅಳತೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ಕ್ಲಿನಿಕ್ ಬಿಲ್ ರೂಮಿನ ಲೆಕ್ಕಕ್ಕೆ ಸೇರಿತು. ನಾವು ಸಿಂಗಪುರದಲ್ಲಿ ಎರಡು ದಿನ ಊಟಕ್ಕೆ ಮಾಡಿದ ಖರ್ಚಿಗಿಂತ ಅದು ಜಾಸ್ತಿ. ಟ್ರಾವೆಲ್ ಇನ್ಶೂರೆನ್ಸ್ ಇದ್ದರೆ ಆ ಬಿಲ್ ಕಾಗದ ಕೇಳಿ ತೆಗೆದುಕೊಳ್ಳಿ.

ನನಗೆ ಈಗಲೂ ಸಂಕಟವಾಗುವುದು ಒಂದಕ್ಕೆ. ಆ ಸಿರಪ್ ಬಾಟಲಿ 60 ಎಂಎಲ್‌ದು. ವಿಮಾನದ ಕೈಚೀಲದ 100 ಎಂಎಲ್ ಮಿತಿಯೊಳಗೇ ಇತ್ತು. ಇಡೀ ದಾರಿ ನನ್ನ ಹೆಗಲಲ್ಲೇ ಬರಬಹುದಿತ್ತು.

ಸೂಟ್‌ಕೇಸ್ ಎಲ್ಲಿದೆ ಅಂತ ಕೊನೆಗೆ ಹೇಳಿದ್ದು ರೂಮ್ ಸ್ವಚ್ಛ ಮಾಡುವ ಹುಡುಗ. ಯಜಮಾನರು ಕೆಳಗಿನ ಡೆಕ್‌ಗೆ ಹೋಗಿ ಸಾಲಿನಲ್ಲಿ ನಿಂತರು. ಒಂದೂವರೆ ಗಂಟೆ. ಕೆಟಲ್ ತೆಗೆದಿಟ್ಟು ಚೀಟಿ ಕೊಟ್ಟರು. ಹಿಟ್ಟಿನ ಪೊಟ್ಟಣವನ್ನೂ ತೆರೆಸಿ ನೋಡಿ, ಮಗುವಿನ ಆಹಾರ ಅಂದ ಮೇಲೆ ಬಿಟ್ಟರು. ಎಲ್ಲ ಕಡೆ ಬಿಡುತ್ತಾರೆ ಅಂತ ನಂಬಬೇಡಿ. ಮನೆಯಲ್ಲಿ ಮಾಡಿದ ತಿನಿಸನ್ನು ಒಳಗೆ ಬಿಡದ ಹಡಗುಗಳೂ ಇವೆ, ಸೀಲ್ ಇರುವ ಪ್ಯಾಕೆಟ್ ಆದರೆ ತಕರಾರು ಕಡಿಮೆ. ಇಷ್ಟೆಲ್ಲ ಆದ ಮೇಲೆ ನೋಡಿದರೆ ಬಫೆಯಲ್ಲಿ ಟೀ ಯಂತ್ರದ ಪಕ್ಕದಲ್ಲೇ ಬಿಸಿನೀರು! ಒಂದು ಫ್ಲಾಸ್ಕ್ ಸಾಕಾಗಿತ್ತು.

ಇನ್ನು ಹಗುರ ಮಾಡಲು ಹೋಗಿ ಬಿಟ್ಟುಹೋದದ್ದು ಸ್ವೆಟರ್. ಸಿಂಗಪುರದ ಸೆಖೆಗೆ ಯಾಕೆ ಅಂತ ತೆಗೆದಿಟ್ಟಿದ್ದೆ. ಹಡಗಿನೊಳಗೆ ಎಸಿ ಎಷ್ಟು ಅಂದರೆ ಊಟದ ಹಾಲ್‌ನಲ್ಲಿ ನನಗೇ ನಡುಕ. ಒಂದು ತೆಳು ಸ್ವೆಟರ್, ಒಂದು ಜೊತೆ ಸಾಕ್ಸ್ ಇಡಲೇಬೇಕು. ಅದರ ಬದಲು ಈಜುಡುಗೆ, ಗಾಳಿ ತುಂಬುವ ರಿಂಗ್ ಅಂತ ಸುಮ್ನೆ ಹೊತ್ತುಕೊಂಡು ಹೋಗಿದ್ದೆ. ಡೈಪರ್ ಬಿಡದ ಮಕ್ಕಳನ್ನು ದೊಡ್ಡ ಕೊಳಕ್ಕೆ ಇಳಿಸಲು ಬಿಡಲಿಲ್ಲ. ಈಜುವ ಡೈಪರ್ ಹಾಕಿದರೂ ಇಲ್ಲ. ಪುಟ್ಟ ಮಕ್ಕಳಿಗೆ ಬೇರೆ ನೀರಾಟದ ಜಾಗ ಇರುವ ಹಡಗುಗಳಿವೆ, ಬುಕ್ ಮಾಡುವಾಗಲೇ ಕೇಳಿ. ಬಟ್ಟೆ ಮೂರೇ ಜೊತೆ ಸಾಕು. ಹತ್ತಿ ಫ್ರಾಕ್‌ಗಳನ್ನು ರಾತ್ರಿ ಬಚ್ಚಲಲ್ಲಿ ಹಿಂಡಿ ಹಾಕಿದರೆ ಬೆಳಿಗ್ಗೆಗೆ ಒಣಗುತ್ತಿದ್ದವು.

ಮರುದಿನ ಪೆನಾಂಗ್‌ಗೆ ಬರುವ ಹೊತ್ತಿಗೆ ಜ್ವರ ಇಳಿದಿತ್ತು. ಅಲ್ಲಿ ಹಡಗು ಜಾರ್ಜ್ ಟೌನ್ ಪಟ್ಟಣದ ಪಕ್ಕದಲ್ಲೇ ನಿಲ್ಲುತ್ತದೆ, ಭಾರತೀಯರ ಅಂಗಡಿ, ಹೋಟೆಲ್ ಇರುವ ಲಿಟಲ್ ಇಂಡಿಯಾಕ್ಕೆ ನಡೆದೇ ಹೋಗಬಹುದು. ಮಗಳು ಇಡ್ಲಿ ತಿಂದಳು. ಒಂದು ಪ್ಯಾಕ್ ಡೈಪರ್ ಕೊಂಡು ಹುಬ್ಬಳ್ಳಿಯವರಿಗೆ ಕೊಟ್ಟೆವು. ಫುಕೆಟ್‌ನಲ್ಲಿ ನಮ್ಮ ಹಡಗು ದೂರದಲ್ಲೇ ಲಂಗರು ಹಾಕಿತು. ದಡಕ್ಕೆ ಸಣ್ಣ ದೋಣಿ. ಅಲುಗಾಡುವ ಮೆಟ್ಟಿಲಲ್ಲಿ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮಡಚಿದ ತಳ್ಳುಗಾಡಿ ಹಿಡಿದವರನ್ನು ನೋಡಿ ಭಯವಾಯಿತು. ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಇದ್ದರೆ ಒಳ್ಳೆಯದು.

ಕೊನೆಯ ರಾತ್ರಿಯೂ ಹುಷಾರಾಗಿರಿ. ಸೂಟ್‌ಕೇಸ್‌ಗಳನ್ನು ರಾತ್ರಿಯೇ ಬಾಗಿಲ ಹೊರಗಿಡಲು ಹೇಳುತ್ತಾರೆ. ಎದುರು ರೂಮಿನವರು ಮಗುವಿನ ಚಪ್ಪಲಿ, ಬಟ್ಟೆ ಎಲ್ಲ ತುಂಬಿ ಕಳಿಸಿಬಿಟ್ಟಿದ್ದರು. ಬೆಳಿಗ್ಗೆ ಆ ಮಗು ಬರಿಗಾಲಲ್ಲಿ, ರಾತ್ರಿ ಉಡುಪಿನಲ್ಲೇ ಇಳಿಯಿತು. ನಾವು ನಮ್ಮ ಪೆಟ್ಟಿಗೆಯನ್ನು ನಾವೇ ಹಿಡಿದುಕೊಂಡು ಇಳಿಯುತ್ತೇವೆ ಅಂತ ಮೊದಲೇ ಹೇಳಿದ್ದೆವು. ಒಂದೇ ಪೆಟ್ಟಿಗೆ ಇದ್ದದ್ದು ಅಲ್ಲಿ ಮಾತ್ರ ಅನುಕೂಲವಾಯಿತು.

ಇಳಿದ ಮೇಲೆ ಚೀಟಿ ತೋರಿಸಿ ಕೆಟಲ್ ವಾಪಸ್ ಪಡೆಯಲು ಇನ್ನೊಂದು ಸಾಲು. ಮುಕ್ಕಾಲು ಗಂಟೆ ನಿಂತೆ. ಆ ಸಾಲಿನಲ್ಲಿ ಜಾಸ್ತಿ ಇದ್ದದ್ದು ನನ್ನ ಹಾಗೆ ಪುಟ್ಟ ಮಕ್ಕಳನ್ನು ಎತ್ತಿಕೊಂಡ ಅಮ್ಮಂದಿರೇ.