ಹಂಪಿಯ ಹರಿಗೋಲೋ, ಗಣೇಶಗುಡಿಯ ಕಯಾಕೋ?

ಒಂದೇ ರಜೆ, ಎರಡು ನದಿ. ಇತಿಹಾಸ ಇಷ್ಟವಿದ್ದರೆ ಹಂಪಿಯ ತುಂಗಭದ್ರೆಗೆ ಹೋಗಿ. ಚಕ್ರತೀರ್ಥದ ಸುತ್ತ ಹರಿಗೋಲಿನಲ್ಲಿ ಕೂತರೆ ಬಂಡೆಯಲ್ಲಿ ಕೆತ್ತಿದ ಕೋಟಿಲಿಂಗ ಹತ್ತಿರದಿಂದಲೇ ಕಾಣುತ್ತದೆ. ವಿಠ್ಠಲ ದೇವಸ್ಥಾನದ ಕಡೆ ನದಿಯಲ್ಲಿ ಹಳೇ ಸೇತುವೆಯ ಕಲ್ಲುಕಂಬಗಳು ಇನ್ನೂ ನಿಂತಿವೆ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ನದಿಯಾಚೆಯ ಆನೆಗೊಂದಿಗೆ ಜನ ದಾಟುತ್ತಿದ್ದ ದುಂಡನೆಯ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ. ಬೇಕಾದರೆ ಕುದುರೆ, ಎತ್ತುಗಳೂ ಅದರಲ್ಲಿ ದಾಟಬಹುದಿತ್ತಂತೆ! ಈ ನದಿಯಲ್ಲಿ ನೀರುನಾಯಿಗಳಿವೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು ಅವುಗಳ ಸಂರಕ್ಷಣೆಗೆಂದೇ ಮೀಸಲಿಟ್ಟರು. ಬೆಳಗ್ಗೆ ಬೇಗ ಹೋಗಿ, ಸದ್ದು ಮಾಡಬೇಡಿ.

ಆದರೆ ಇಲ್ಲಿ ಹುಟ್ಟು ಹಾಕುವವರು ಅಂಬಿಗರು. ನೀವು ಸುಮ್ನೆ ಕೂರಬೇಕು. ವಯಸ್ಸಾದವರಿಗೆ, ಮಕ್ಕಳಿಗೆ ಅದೇ ಅನುಕೂಲ.

ತಾವೇ ಹುಟ್ಟು ಹಾಕಬೇಕೆನ್ನುವವರಿಗೆ ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ ಕಾಳಿ ನದಿ, ಅಲ್ಲಿನ ಕಯಾಕ್ ಎಂಬ ಸಣ್ಣ ದೋಣಿ. ಸುತ್ತ ದಟ್ಟ ಕಾಡು, ಮೇಲೆ ಮಂಗಟ್ಟೆಗಳು (ಹಾರ್ನ್‌ಬಿಲ್). ದಾಂಡೇಲಿ ಭಾಗದಲ್ಲಿ ನಾಲ್ಕು ಬಗೆಯವು ಸಿಗುತ್ತವೆ, ಹಕ್ಕಿ ನೋಡುವವರಿಗೆ ಇದಕ್ಕಿಂತ ಇನ್ನೇನು ಬೇಕು ಅಲ್ವಾ? ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ ಹರಿವು ಬದಲಾಗುತ್ತದೆ, ಹಾಗಾಗಿ ಹೊರಡುವ ದಿನವೇ ಫೋನ್ ಮಾಡಿ ಕೇಳಿ. ದಾಂಡೇಲಿ ಕಡೆ ಮೊಸಳೆಗಳಿವೆ, ಎಲ್ಲೆಂದರಲ್ಲಿ ನೀರಿಗಿಳಿಯಬೇಡಿ.

ಎರಡೂ ಕಡೆ ಲೈಫ್ ಜಾಕೆಟ್ ಕೊಡದಿದ್ದರೆ ದೋಣಿ ಹತ್ತಲೇಬೇಡಿ. ಮೊದಲ ಸಲ ಹೋಗುವವರಿಗೆ ನಾನು ಹಂಪಿಯನ್ನೇ ಹೇಳುತ್ತೇನೆ, ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ.